ಹೈದರ್ ಕಾದು ಕುಳಿತ ಹಡಗುಗಳು: ಸಫ್ರೆನ್ ಮತ್ತು ಹ್ಯೂಸ್ ನಡುವಿನ ಐದು ಕದನಗಳಲ್ಲಿ ಗೆದ್ದವರು ಯಾರು?

ಪ್ರಶ್ನೆ (ಶ್ರೀರಂಗಪಟ್ಟಣ ತಾಲ್ಲೂಕಿನ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಎರಡನೆಯ ಆಂಗ್ಲೋ-ಮೈಸೂರು ಯುದ್ಧದ ಪಾಠ ನಡೆಯುತ್ತಿತ್ತು. ಪೊಳ್ಳಿಲೂರು ಆಯಿತು, ಪೋರ್ಟೋ ನೋವೋ ಆಯಿತು, ಹೈದರನ ಸಹಾಯಕ್ಕೆ ಫ್ರೆಂಚ್ ನೌಕಾಪಡೆ ಬಂತು ಎಂದು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುವವಳಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಮುದ್ರದಲ್ಲಿ ಗೆದ್ದವರು ಯಾರು ಮೇಡಂ?" ಎಂದು ಕೇಳಿದ. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಇನ್ನೂ ಬಂದಿಲ್ಲ.

ಓದಿದ ಮೇಲೆ ಗೊಂದಲ ಹೆಚ್ಚಾಗಿದೆ. ಫ್ರೆಂಚ್ ಪಡೆಯ ನಾಯಕ ಸಫ್ರೆನ್, ಬ್ರಿಟಿಷ್ ಪಡೆಯ ನಾಯಕ ಎಡ್ವರ್ಡ್ ಹ್ಯೂಸ್. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಇಬ್ಬರೂ ಐದು ಸಲ ಎದುರಾದರು: ಮದ್ರಾಸಿನ ದಕ್ಷಿಣಕ್ಕೆ ಸದ್ರಾಸ್, ಸಿಂಹಳದ ಪೂರ್ವ ತೀರದ ಪ್ರಾವಿಡಿಯನ್ ಬಂಡೆಯ ಬಳಿ, ನಾಗಪಟ್ಟಣ, ಟ್ರಿಂಕೋಮಲಿ, ಕಡಲೂರು. ನೂರಾರು ಜನ ಸತ್ತರು. ಆದರೆ ಈ ಐದು ಕದನಗಳಲ್ಲಿ ಎರಡೂ ಕಡೆಯ ಒಂದು ದೊಡ್ಡ ಯುದ್ಧನೌಕೆಯೂ ಮುಳುಗಲಿಲ್ಲ, ಶತ್ರುವಿನ ಕೈಸೇರಲೂ ಇಲ್ಲ. ನಾನು ಮಾಡಿಕೊಂಡ ಪಟ್ಟಿಯಲ್ಲಿ ದಿನಾಂಕ, ಸ್ಥಳ, ಹಡಗುಗಳ ಸಂಖ್ಯೆ ಎಲ್ಲ ತುಂಬಿದೆ. "ಫಲಿತಾಂಶ" ಎಂಬ ಕಾಲಂ ಮಾತ್ರ ಖಾಲಿ ಇದೆ. ಅಲ್ಲಿ ಏನು ಬರೆಯಲಿ? ಇದರಿಂದ ಹೈದರನಿಗೆ ಏನಾದರೂ ದಕ್ಕಿತೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಗಂಗೊಳ್ಳಿಯ ನಿವೃತ್ತ ನಾವಿಕ)

ಮೇಡಂ, ನಿಮ್ಮ ವಿದ್ಯಾರ್ಥಿ ಕೇಳಿದ ಪ್ರಶ್ನೆಯನ್ನೇ ನಾನು ಮೂವತ್ತು ವರ್ಷಗಳಿಂದ ಕೇಳಿಕೊಳ್ಳುತ್ತಿದ್ದೇನೆ. ಸರಕು ಹಡಗುಗಳಲ್ಲಿ ದುಡಿದವನು ನಾನು. ಮದ್ರಾಸ್, ಕಡಲೂರು, ಟ್ರಿಂಕೋಮಲಿ ಮೂರನ್ನೂ ಸಮುದ್ರದ ಕಡೆಯಿಂದ ನೋಡಿದ್ದೇನೆ. ಈ ಕಥೆಯನ್ನು ನೆಲದ ಮೇಲೆ ನಿಂತು ನೋಡಿದರೆ ತಲೆಬುಡ ತಿಳಿಯುವುದಿಲ್ಲ.

ನನ್ನ ಅಜ್ಜ ಮಂಜಿಯಲ್ಲಿ ತಂಡೇಲರಾಗಿದ್ದರು. ಮಂಗಳೂರು ಹೆಂಚು ತುಂಬಿಕೊಂಡು ಬೊಂಬಾಯಿಗೆ ಹೋಗುವ ಹಾಯಿಹಡಗು ಅದು. ಮಳೆಗಾಲ ಹಿಡಿಯುವ ಮೊದಲೇ ಮಂಜಿಯನ್ನು ಅಳಿವೆಯೊಳಗೆ ತಂದು, ದಡಕ್ಕೆ ಎಳೆದು, ಮಡಲಿನ ಚಪ್ಪರ ಹಾಕುತ್ತಿದ್ದರು. ತಳಕ್ಕೆ ಅಂಟಿದ ಚಿಪ್ಪು, ಪಾಚಿ ಕೆರೆದು ಎಣ್ಣೆ ಬಳಿಯುತ್ತಿದ್ದರು. ಹುಳ ಕೊರೆದ ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದಿನಲ್ಲೇ ಗುರುತು ಹಿಡಿಯುತ್ತಿದ್ದರು. "ಹಡಗಿಗೂ ಬಾಣಂತನ ಬೇಕು" ಎನ್ನುತ್ತಿದ್ದರು. ಸಫ್ರೆನ್‌ನ ಕಥೆ ಓದುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ, ಏಕೆಂದರೆ ಅವನ ಹಡಗುಗಳಿಗೆ ಬಾಣಂತನದ ಮನೆಯೇ ಇರಲಿಲ್ಲ.

ಕೋರಮಂಡಲ ತೀರದಲ್ಲಿ ಆಗ ಒಳ್ಳೆಯ ಬಂದರು ಒಂದೂ ಇರಲಿಲ್ಲ. ಮದ್ರಾಸಿನಲ್ಲಿ ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು. ಜನ, ಸಾಮಾನು ಎಲ್ಲ ಮಸೂಲಾ ದೋಣಿಗಳಲ್ಲಿ ಅಲೆ ದಾಟಿ ದಡಕ್ಕೆ ಬರಬೇಕಿತ್ತು. ಆ ದೋಣಿಗಳಿಗೆ ಮೊಳೆ ಹೊಡೆಯುತ್ತಿರಲಿಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿರುತ್ತಿದ್ದರು. ದಡಕ್ಕೆ ಅಪ್ಪಳಿಸಿದಾಗ ಬಿರಿಯದೆ ಬಾಗಲಿ ಎಂದು. ಅಕ್ಟೋಬರ್ ಬಂದು ಹಿಂಗಾರಿನ ಗಾಳಿ ತಿರುಗಿತೆಂದರೆ ಆ ತೀರದಲ್ಲಿ ದೊಡ್ಡ ಹಡಗು ನಿಲ್ಲುವಂತೆಯೇ ಇಲ್ಲ. ಬ್ರಿಟಿಷರಿಗೆ ರಿಪೇರಿಗೆ ಬೊಂಬಾಯಿ ಇತ್ತು. ಫ್ರೆಂಚರ ನೆಲೆ ಎಂದರೆ ಮಾರಿಷಸ್, ಅಂದರೆ ಇಡೀ ಹಿಂದೂ ಮಹಾಸಾಗರವನ್ನು ದಾಟಬೇಕು. ನಡುವೆ ಇದ್ದ ಒಂದೇ ಒಂದು ಸಹಜ ಬಂದರು ಟ್ರಿಂಕೋಮಲಿ. ಅದನ್ನು 1782ರ ಜನವರಿಯಲ್ಲಿ ಹ್ಯೂಸ್ ಡಚ್ಚರಿಂದ ಕಿತ್ತುಕೊಂಡಿದ್ದ.

ಇನ್ನು ಹೈದರನಿಗೆ ಈ ಹಡಗುಗಳು ಏಕೆ ಬೇಕಿದ್ದವು ಎಂಬುದು. 1780ರಲ್ಲಿ ಅವನು ಕರ್ನಾಟಿಕ್ ಪ್ರಾಂತ್ಯಕ್ಕೆ ನುಗ್ಗಿ ಸುತ್ತಲಿನ ಹಳ್ಳಿಗಳನ್ನೆಲ್ಲ ಬರಿದು ಮಾಡಿದ. ಆಮೇಲೆ ಬ್ರಿಟಿಷ್ ದಳಪತಿ ಐರ್ ಕೂಟ್‌ನ ಸೇನೆ ಉಂಡದ್ದು ಸಮುದ್ರದಿಂದ ಬಂದ ಅಕ್ಕಿಯನ್ನು. 1781ರ ಫೆಬ್ರವರಿಯಲ್ಲಿ ಕೂಟ್ ಕಡಲೂರಿನಲ್ಲಿ ಸಿಕ್ಕಿಬಿದ್ದಿದ್ದ. ನೆಲದ ಕಡೆ ಹೈದರ್. ಕಡಲಿನಲ್ಲಿ ಆಗಷ್ಟೇ ಬಂದು ನಿಂತಿದ್ದ ಫ್ರೆಂಚ್ ಹಡಗುಗಳು. ಹ್ಯೂಸ್ ಹತ್ತಿರದಲ್ಲಿ ಎಲ್ಲೂ ಇರಲಿಲ್ಲ. ಕೆಲವು ವಾರ ಅಲ್ಲೇ ನಿಂತಿದ್ದರೆ ಸಾಕಿತ್ತು. ಹೈದರ್ ಕೇಳಿಕೊಂಡ. ಫ್ರೆಂಚ್ ನಾಯಕ ದೋರ್ವ್ ಕೇಳಲಿಲ್ಲ, ಮಾರಿಷಸ್‌ಗೆ ಹೊರಟುಹೋದ. ಕೂಟ್‌ಗೆ ಅಕ್ಕಿ ಬಂತು, ಜುಲೈ 1ರಂದು ಪೋರ್ಟೋ ನೋವೋದಲ್ಲಿ ಅವನು ಹೈದರನನ್ನು ಸೋಲಿಸಿದ. ಆ ಫೆಬ್ರವರಿಯನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಮರುವರ್ಷ ಅದೇ ದೋರ್ವ್ ಮತ್ತೆ ಬರುವಾಗ ದಾರಿಯಲ್ಲೇ ತೀರಿಕೊಂಡ. ಫೆಬ್ರವರಿ 9, 1782. ನಾಯಕತ್ವ ಸಫ್ರೆನ್‌ಗೆ ಬಂತು. ಎಂಟೇ ದಿನಕ್ಕೆ, 17ರಂದು, ಸದ್ರಾಸ್ ಎದುರು ಮೊದಲ ಕದನ: ಫ್ರೆಂಚರವು 11, ಬ್ರಿಟಿಷರವು 9. ಶತ್ರುವಿನ ಸಾಲಿನ ಹಿಂದಿನ ಕೆಲವೇ ಹಡಗುಗಳನ್ನು ಎರಡೂ ಬದಿಯಿಂದ ಅಪ್ಪಳಿಸಿ ಮುಗಿಸಬೇಕು ಎಂಬುದು ಅವನ ಲೆಕ್ಕ. ಬ್ರಿಟಿಷರ ಎಕ್ಸೆಟರ್ ಹಡಗು ಜಜ್ಜಿಹೋಯಿತು, ಅದರ ಕ್ಯಾಪ್ಟನ್ ಸತ್ತ. ಆದರೆ ಸಫ್ರೆನ್‌ನ ಕ್ಯಾಪ್ಟನ್‌ಗಳಲ್ಲಿ ಹಲವರು ಹತ್ತಿರ ಹೋಗಲೇ ಇಲ್ಲ. ದೂರದಿಂದ ಗುಂಡು ಹಾರಿಸುತ್ತಾ ಉಳಿದರು. ಅಷ್ಟಾದರೂ ಅವನು ತನ್ನ ಸೈನಿಕರನ್ನು ಪೋರ್ಟೋ ನೋವೋದಲ್ಲಿ ಇಳಿಸಿದ, ಸುಮಾರು 3,000 ಜನ. ಕಡಲೂರು ಏಪ್ರಿಲ್ ಮೊದಲ ವಾರದಲ್ಲಿ ಕೈಗೆ ಬಂತು. ಸದ್ರಾಸ್ ಕದನದ ಅದೇ ದಿನಗಳಲ್ಲಿ ಟಿಪ್ಪು ತಂಜಾವೂರು ಸೀಮೆಯಲ್ಲಿ ಬ್ರಿಟಿಷ್ ಅಧಿಕಾರಿ ಬ್ರೈತ್‌ವೇಟ್‌ನ ಸೇನೆಯನ್ನು ಸುತ್ತುವರಿದು ಸೆರೆ ಹಿಡಿದ. ನಿಮ್ಮ ಪಟ್ಟಿಯಲ್ಲಿ ಈ ಎರಡನ್ನೂ ಅಕ್ಕಪಕ್ಕ ಬರೆಯಿರಿ.

ಪ್ರಾವಿಡಿಯನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಪ್ರಿಲ್ 12ರಂದು ದಡಕ್ಕೆ ತೀರಾ ಹತ್ತಿರದಲ್ಲಿ ಕಾದಾಡಿದರು, ಮಾನ್‌ಮತ್ ಎಂಬ ಬ್ರಿಟಿಷ್ ಹಡಗು ಕೂವೆಗಳನ್ನು, ಅಂದರೆ ಹಾಯಿಕಂಬಗಳನ್ನು, ಕಳೆದುಕೊಂಡಿತು, ಕತ್ತಲಾಯಿತು.

ನಾಗಪಟ್ಟಣದ್ದನ್ನು ಮಾತ್ರ ವಿವರವಾಗಿ ಹೇಳಬೇಕು. ಜುಲೈ 6. ಎರಡೂ ಕಡೆ ಹನ್ನೊಂದು ಹನ್ನೊಂದು ಹಡಗು. ಬೆಳಗಿನಿಂದ ನೈಋತ್ಯದ ಗಾಳಿ. ಆ ಗಾಳಿಯ ಮೇಲೆಯೇ ಎರಡು ಸಾಲುಗಳೂ ನಿಂತಿದ್ದವು. ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಕಡಲಗಾಳಿ ಒಮ್ಮೆಲೇ ಆಗ್ನೇಯದ ಕಡೆಯಿಂದ ನುಗ್ಗಿತು. ನಮ್ಮ ತೀರದವರಿಗೆ ಇದು ಹೊಸತಲ್ಲ: ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ. ಆದರೆ ಸಾವಿರಾರು ಚದರ ಅಡಿ ಹಾಯಿ ಬಿಚ್ಚಿಕೊಂಡು, ಒಂದರ ಹಿಂದೆ ಒಂದು ಸಾಲುಗಟ್ಟಿ, ಬದಿಯಲ್ಲಿ ಫಿರಂಗಿ ಕಾರುತ್ತಿರುವ ಹಡಗುಗಳಿಗೆ ಎದುರಿನಿಂದ ಗಾಳಿ ಬಡಿದರೆ ಏನಾಗುತ್ತದೆ? ಹಾಯಿ ಹಿಮ್ಮೊಗವಾಗಿ ಕೂವೆಗೆ ಒತ್ತಿಕೊಳ್ಳುತ್ತದೆ, ಚುಕ್ಕಾಣಿ ಮಾತು ಕೇಳುವುದಿಲ್ಲ, ಕೆಲವು ಎಡಕ್ಕೆ ಹೊರಳುತ್ತವೆ, ಕೆಲವು ಬಲಕ್ಕೆ. ಎರಡು ಸಾಲುಗಳೂ ಚೆಲ್ಲಾಪಿಲ್ಲಿಯಾಗಿ ಒಂದರೊಳಗೊಂದು ಸೇರಿಕೊಂಡವು. ಆ ಗದ್ದಲದಲ್ಲಿ ಸೆವೇರ್ ಎಂಬ ಫ್ರೆಂಚ್ ಹಡಗಿನ ಕ್ಯಾಪ್ಟನ್ ಹೆದರಿ ಬಾವುಟ ಇಳಿಸಿಬಿಟ್ಟ. ಅದರ ಅಧಿಕಾರಿಗಳು ಒಪ್ಪಲಿಲ್ಲ. ಬಾವುಟ ಮತ್ತೆ ಏರಿತು, ಫಿರಂಗಿಗಳು ಮತ್ತೆ ಹಾರಿದವು. ಆ ದಿನ ಫ್ರೆಂಚರಲ್ಲಿ 178 ಜನ ಸತ್ತು 601 ಜನ ಗಾಯಗೊಂಡರು. ಬ್ರಿಟಿಷರಲ್ಲಿ 77 ಸಾವು, 233 ಗಾಯಾಳು.

ಈ ಲೆಕ್ಕ ನೋಡಿದರೆ ಗೆದ್ದವನು ಹ್ಯೂಸ್. ಆದರೆ ಮುಂದಿನ ಎಂಟು ವಾರ ನೋಡಿ. ಸಫ್ರೆನ್ ಕಡಲೂರಿಗೆ ಹೋಗಿ, ಸಣ್ಣ ಹಡಗುಗಳ ಕೂವೆ ಕಿತ್ತು ದೊಡ್ಡವಕ್ಕೆ ನಿಲ್ಲಿಸಿ, ಆಗಸ್ಟ್ ಒಂದರ ಹೊತ್ತಿಗೆ ಮತ್ತೆ ಕಡಲಿಗಿಳಿದ. ತಿಂಗಳ ಕೊನೆಗೆ ಟ್ರಿಂಕೋಮಲಿ ಕೋಟೆ ಅವನದಾಗಿತ್ತು. ಹ್ಯೂಸ್ ಇನ್ನೂ ಮದ್ರಾಸಿನಲ್ಲಿ ರಿಪೇರಿ ಮುಗಿಸಿ ಬರುತ್ತಿದ್ದ. ಅವನು ತಲುಪಿದ್ದು ಸೆಪ್ಟೆಂಬರ್ 2ರ ಸಂಜೆ. ಕೋಟೆಯ ಮೇಲೆ ಆಗಲೇ ಫ್ರೆಂಚ್ ಬಾವುಟ. ಆದ್ದರಿಂದ ನಿಮ್ಮ ಖಾಲಿ ಕಾಲಂನ ತಲೆಯಲ್ಲಿ "ಫಲಿತಾಂಶ" ಎಂಬುದನ್ನು ಅಳಿಸಿ "ಕದನದ ಮರುದಿನ ಯಾವ ಬಂದರು ಯಾರ ಕೈಲಿತ್ತು" ಎಂದು ಬರೆಯಿರಿ. ಆಗ ತುಂಬಲು ಬರುತ್ತದೆ.

ಉತ್ತರ 2 (ಪುದುಚೇರಿಯಲ್ಲಿರುವ ಧಾರವಾಡದವನು)

ಹಿರಿಯರು ಗಾಳಿ, ಬಂದರು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಹ್ಯೂಸ್‌ಗೆ ಅನ್ಯಾಯವಾಯಿತು ಎಂದು ನನಗನ್ನಿಸುತ್ತದೆ. ಅವನು ಮಹಾ ಚತುರನಲ್ಲ, ಒಪ್ಪುತ್ತೇನೆ. ಆದರೆ ನಾಗಪಟ್ಟಣದಲ್ಲಿ ಗಾಳಿ ತಿರುಗಿದ್ದನ್ನು ಬಿಟ್ಟರೆ ಸಾಲು ಕೆಡದಂತೆ ಹಿಡಿದುಕೊಂಡು ನಿಂತ. ಅವನ ಸುಪರ್ಬ್ ಹಡಗಿನ ಕ್ಯಾಪ್ಟನ್ ಸದ್ರಾಸ್‌ನಲ್ಲಿ ಪಕ್ಕದಲ್ಲೇ ಸತ್ತ. ಕ್ಯಾಪ್ಟನ್‌ಗಳು ಅವನ ಮಾತು ಮೀರಲಿಲ್ಲ. ಮದ್ರಾಸ್ ಒಂದು ದಿನಕ್ಕೂ ಫ್ರೆಂಚರ ಕೈಗೆ ಸಿಗಲಿಲ್ಲ. ಅವನು ಸೋಲದೇ ಇದ್ದುದರಿಂದಲೇ ಅಲ್ಲವೇ ಕೂಟ್‌ನ ಸೇನೆಗೆ ಅನ್ನ ತಪ್ಪದೆ ಬಂದದ್ದು?

ಅವನ ಹಡಗುಗಳ ತಳಕ್ಕೆಲ್ಲ ತಾಮ್ರದ ತಗಡು ಹೊದಿಸಿತ್ತು. ಸಫ್ರೆನ್‌ನ ಕೆಲವಕ್ಕೆ ಮಾತ್ರ ಇತ್ತು. ತಾಮ್ರವಿದ್ದರೆ ಹುಳ ಕೊರೆಯುವುದಿಲ್ಲ, ಪಾಚಿ ಹಿಡಿಯುವುದಿಲ್ಲ, ಹಡಗು ಬೇಗ ಸಾಗುತ್ತದೆ. ಫ್ರೆಂಚ್ ಸಾಲಿನಲ್ಲಿ ವೇಗದವು ಮುಂದೆ, ನಿಧಾನದವು ಹಿಂದೆ ಉಳಿದು, ಕ್ಯಾಪ್ಟನ್‌ಗಳು ಸಮಯಕ್ಕೆ ಜಾಗ ಸೇರದಿರಲು ಅದೂ ಒಂದು ಕಾರಣ. ಎಲ್ಲ ತಪ್ಪನ್ನೂ ಅವರ ಅಂಜಿಕೆಯ ಮೇಲೆ ಹೊರಿಸುವುದು ಸರಿಯಲ್ಲ. ಸಫ್ರೆನ್ ತನ್ನ ಯೋಜನೆಯನ್ನು ಅವರಿಗೆ ಎಷ್ಟು ಬಿಡಿಸಿ ಹೇಳಿದ್ದ ಎಂಬುದನ್ನೂ ಕೇಳಬೇಕು. ಬಾವುಟದ ಸಂಕೇತದಲ್ಲಿ ಎಷ್ಟು ಹೇಳಲು ಸಾಧ್ಯ?

ಇನ್ನೊಂದು ವಿಷಯ. ಹ್ಯೂಸ್ ಹೆಸರು ಕೇಳಿದಾಗ ಕರಾವಳಿಯವರಿಗೆ ಬೇರೆಯೇ ನೆನಪಾಗಬೇಕು. 1780ರ ಡಿಸೆಂಬರ್‌ನಲ್ಲಿ ಅವನು ಮಂಗಳೂರಿನ ಮುಂದೆ ಬಂದು ಹೈದರ್ ಕಟ್ಟಿಸುತ್ತಿದ್ದ ನೌಕಾಪಡೆಯನ್ನು ನಾಶಮಾಡಿದ. ಹೈದರ್ ಫ್ರೆಂಚರ ದಾರಿ ಕಾಯಬೇಕಾದ ಸ್ಥಿತಿ ಬಂದುದರಲ್ಲಿ ಅದರ ಪಾಲೂ ಇದೆ.

ಉತ್ತರ 3 (ಗಂಗೊಳ್ಳಿಯ ನಿವೃತ್ತ ನಾವಿಕ)

ಮಂಗಳೂರಿನ ವಿಷಯ ನೆನಪಿಸಿದ್ದಕ್ಕೆ ಧನ್ಯವಾದ. ಅದನ್ನು ನಾನೇ ಮೊದಲು ಹೇಳಬೇಕಿತ್ತು. ತಾಮ್ರದ ಮಾತೂ ನಿಜ, ಹ್ಯೂಸ್ ಗಟ್ಟಿಗ ಎಂಬುದೂ ನಿಜ.

ಆದರೆ ಕ್ಯಾಪ್ಟನ್‌ಗಳ ವಿಷಯದಲ್ಲಿ ಅರ್ಧ ಮಾತ್ರ ಒಪ್ಪುತ್ತೇನೆ. ಸಂಕೇತ ತಿಳಿಯದೆ ಹೋಗಬಹುದು. ಸೆಪ್ಟೆಂಬರ್ 3ರಂದು ಟ್ರಿಂಕೋಮಲಿ ಎದುರು ನಡೆದದ್ದಕ್ಕೆ ಸಂಕೇತದ ನೆಪ ಸಾಲದು. ಸಫ್ರೆನ್‌ನ ಹೆರೋಸ್ ಹಡಗೂ ಪಕ್ಕದ ಎರಡೂ ಬ್ರಿಟಿಷ್ ಸಾಲಿನ ನಡುಭಾಗಕ್ಕೆ ಎದುರಾಗಿ ಗಂಟೆಗಟ್ಟಲೆ ಒಂಟಿಯಾಗಿ ಹೊಡೆತ ತಿಂದವು. ಉಳಿದವರಿಗೆ ಆ ಹೊಗೆ ಕಾಣುತ್ತಿತ್ತು, ಸದ್ದು ಕೇಳುತ್ತಿತ್ತು. ಹೆರೋಸ್‌ನ ನಡುಗೂವೆ ಮುರಿದು ಬಿತ್ತು. ಅದರ ಜೊತೆ ಬಾವುಟವೂ ಬಿತ್ತು. ಬ್ರಿಟಿಷ್ ಹಡಗುಗಳ ಮೇಲೆ ಜಯಘೋಷ ಎದ್ದಿತು, ಇವನು ಶರಣಾದ ಎಂದುಕೊಂಡರು. ಸಫ್ರೆನ್ ಮೇಲಟ್ಟಕ್ಕೆ ಓಡಿಬಂದು, ಬಿಳಿ ಬಾವುಟ ತನ್ನಿ, ಹಡಗಿನ ಸುತ್ತಲೂ ಕಟ್ಟಿ ಎಂದು ಕೂಗಿದ ಎಂದು ದಾಖಲಾಗಿದೆ. ಮಕ್ಕಳಿಗೆ ಇದನ್ನು ಹೇಳುವಾಗ ಒಂದು ಮಾತು ಬಿಡಿಸಿ ಹೇಳಿ ಮೇಡಂ: ಆಗ ಫ್ರಾನ್ಸ್ ದೊರೆಯ ನೌಕಾಬಾವುಟವೇ ಬಿಳಿ. ಅವನು ಕೇಳಿದ್ದು ಶರಣಾಗತಿಯ ಬಟ್ಟೆಯನ್ನಲ್ಲ.

ಆ ಕದನದ ನಂತರ ನಾಲ್ವರು ಕ್ಯಾಪ್ಟನ್‌ಗಳು ಹುದ್ದೆ ಬಿಟ್ಟು ಮಾರಿಷಸ್‌ಗೆ ಹೋದರು. ಮೇಲಿಂದ ಮೇಲೆ ಎರಡು ದೊಡ್ಡ ಹಡಗುಗಳು ಶತ್ರುವಿನ ಗುಂಡಿಲ್ಲದೆಯೇ ಹಾಳಾದವು: ಓರಿಯಾಂ ಟ್ರಿಂಕೋಮಲಿ ಪ್ರವೇಶಿಸುವಾಗ ಬಂಡೆಗೆ ಬಡಿಯಿತು, ಬಿಜಾರ್ ಕಡಲೂರಿನಲ್ಲಿ ದಡಕ್ಕೆ ಹತ್ತಿ ಒಡೆಯಿತು. ಮಾರಿಷಸ್‌ಗೆ ಹೋದರೆ ಮರಳುವುದು ತಡವಾಗುತ್ತದೆ ಎಂದು ಸಫ್ರೆನ್ ಸುಮಾತ್ರಾದ ಅಚೆ ಎಂಬ ಬಂದರಿಗೆ ಹೋಗಿ ಹಿಂಗಾರು ಕಳೆದ. ಹ್ಯೂಸ್ ಬೊಂಬಾಯಿಗೆ ಹೋದ.

ಆ ಬಿಡುವಿನಲ್ಲೇ ಹೈದರ್ ತೀರಿಕೊಂಡದ್ದು. ಡಿಸೆಂಬರ್ 7, ಚಿತ್ತೂರಿನ ಬಳಿ. ಸಫ್ರೆನ್ ಮತ್ತು ಹೈದರ್ ಕಡಲೂರಿನ ಹತ್ತಿರ ಭೇಟಿಯಾದದ್ದು ಅದೇ ವರ್ಷದ ಜುಲೈ ಕೊನೆಯಲ್ಲಿ, ನಾಗಪಟ್ಟಣದ ಗಾಯ ಇನ್ನೂ ಹಸಿಯಿರುವಾಗ. ಸಫ್ರೆನ್ ತುಂಬಾ ದಪ್ಪ ಮನುಷ್ಯ. ಡೇರೆಯ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಒದ್ದಾಡುವುದನ್ನು ಕಂಡು ಹೈದರ್ ದಿಂಬುಗಳನ್ನು ತರಿಸಿಕೊಟ್ಟ, ರಿವಾಜಿನ ಚಿಂತೆ ಬೇಡ ಎಂದ ಎಂದು ಫ್ರೆಂಚ್ ಕಡೆಯ ವೃತ್ತಾಂತಗಳು ಹೇಳುತ್ತವೆ. ಒಬ್ಬ ಕುದುರೆಯ ಮೇಲೆ ಬೆಳೆದವನು, ಇನ್ನೊಬ್ಬ ಹಡಗಿನ ಮೇಲೆ. ಇಬ್ಬರಿಗೂ ಮುಂದೇನು ಬೇಕು ಎಂಬುದು ಸ್ಪಷ್ಟವಾಗಿತ್ತು. ಫ್ರಾನ್ಸ್‌ನಿಂದ ಬರಬೇಕಿದ್ದ ದಳಪತಿ ಬುಸ್ಸಿ ಮಾತ್ರ ಬಂದಿರಲಿಲ್ಲ. ಅವನು ಬಂದದ್ದು 1783ರ ಮಾರ್ಚ್‌ನಲ್ಲಿ. ಹೈದರ್ ಸತ್ತು ಮೂರು ತಿಂಗಳು ಕಳೆದಿತ್ತು, ಟಿಪ್ಪು ಬಿದನೂರನ್ನೂ ಮಂಗಳೂರನ್ನೂ ಬಿಡಿಸಿಕೊಳ್ಳಲು ಪಶ್ಚಿಮಕ್ಕೆ ತಿರುಗಿದ್ದ.

ಉತ್ತರ 4 (ಮೈಸೂರಿನ ಓದುಗ)

ಮೇಡಂ ಶ್ರೀರಂಗಪಟ್ಟಣದ ಕಡೆಯವರು ಎಂದು ಕಂಡು ಬರೆಯುತ್ತಿದ್ದೇನೆ. ಈ ಕಡಲ ಯುದ್ಧದ ಒಂದು ಎಳೆ ನಿಮ್ಮೂರಿಗೇ ಬರುತ್ತದೆ.

ಮೊದಲ ಕದನಕ್ಕೂ ಮುಂಚೆ, 1782ರ ಜನವರಿಯಲ್ಲಿ, ಫ್ರೆಂಚರು ಬರುವ ದಾರಿಯಲ್ಲಿ ಹ್ಯಾನಿಬಲ್ ಎಂಬ 50 ಫಿರಂಗಿಗಳ ಬ್ರಿಟಿಷ್ ಹಡಗನ್ನು ಹಿಡಿದರು. ಅದರಲ್ಲಿ ಜೇಮ್ಸ್ ಸ್ಕರ್ರಿ ಎಂಬ ಹುಡುಗನಿದ್ದ, ಹದಿಹರೆಯದವನು. ಸಫ್ರೆನ್ ಬಳಿ ಕೈದಿಗಳನ್ನು ಇಡಲು ಜಾಗವಿಲ್ಲ, ಹಾಕಲು ಅನ್ನವಿಲ್ಲ. ವಿನಿಮಯದ ಮಾತುಕತೆ ಫಲಿಸಲಿಲ್ಲ. ಕೊನೆಗೆ ಕೈದಿಗಳನ್ನು ಹೈದರನಿಗೆ ಒಪ್ಪಿಸಿದ. ಸ್ಕರ್ರಿಯನ್ನು ಚಿದಂಬರಂ ಕೋಟೆಯಿಂದ ಬೆಂಗಳೂರಿಗೆ, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದರು. ಅಲ್ಲಿ ಎಳೆಯ ಹುಡುಗರನ್ನು ಆರಿಸಿ, ಬಲವಂತವಾಗಿ ಸುನ್ನತಿ ಮಾಡಿಸಿ, ಚೇಲಾ ಪಡೆಗೆ, ಅಂದರೆ ಹೀಗೆ ಮತಾಂತರಿಸಿದ ಸೆರೆಯಾಳುಗಳ ಪಡೆಗೆ, ಸೇರಿಸಿದರು. ಅವನು ತಪ್ಪಿಸಿಕೊಂಡದ್ದು ಸುಮಾರು ಹತ್ತು ವರ್ಷದ ಮೇಲೆ, ಮೂರನೆಯ ಮೈಸೂರು ಯುದ್ಧದ ಹೊತ್ತಿಗೆ. ಊರು ಸೇರಿದ ಮೇಲೆ ತನ್ನ ಕಥೆಯನ್ನು ಬರೆಯಿಸಿದ.

ಸಫ್ರೆನ್‌ನ ಬಗ್ಗೆ ನನಗೂ ಗೌರವವಿದೆ. ಆದರೆ ಈ ಕೆಲಸವನ್ನು ನಾನು ಕ್ಷಮಿಸಲಾರೆ. ಅನ್ನವಿರಲಿಲ್ಲ ಎಂಬುದು ಕಾರಣವೇ ಹೌದು, ಆದರೆ ಆ ಹುಡುಗನಿಗೆ ಹದಿನೈದರಿಂದ ಇಪ್ಪತ್ತೈದರವರೆಗಿನ ಬದುಕು ಹೋಯಿತು. ನಿಮ್ಮ ಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಇರಲಿ.

ಪ್ರಶ್ನೆ ಕೇಳಿದವರು (ಶ್ರೀರಂಗಪಟ್ಟಣ ತಾಲ್ಲೂಕಿನ ಶಿಕ್ಷಕಿ)

ಎಲ್ಲರಿಗೂ ಮನಸಾರೆ ಧನ್ಯವಾದ. ಸ್ಕರ್ರಿಯ ವಿಷಯ ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನನ್ನ ತರಗತಿಯ ಮಕ್ಕಳಿಗೂ ಹೆಚ್ಚುಕಡಿಮೆ ಅದೇ ವಯಸ್ಸು.

ಒಂದೇ ಒಂದು ಉಳಿದಿದೆ. ಐದನೆಯ ಕದನ, ಕಡಲೂರು, 1783ರ ಜೂನ್ 20. ಇದರ ಬಗ್ಗೆ ಯಾರೂ ಹೇಳಲಿಲ್ಲ.

ಉತ್ತರ 5 (ಗಂಗೊಳ್ಳಿಯ ನಿವೃತ್ತ ನಾವಿಕ)

ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ ಮೇಡಂ.

ಬ್ರಿಟಿಷ್ ಜನರಲ್ ಸ್ಟುವರ್ಟ್‌ನ ಸೇನೆ ಕಡಲೂರಿನಲ್ಲಿ ಬುಸ್ಸಿಯನ್ನು ಮುತ್ತಿತ್ತು. ಸಮುದ್ರದ ಕಡೆ ಹ್ಯೂಸ್, 18 ಹಡಗುಗಳೊಂದಿಗೆ. ಸಫ್ರೆನ್ ಬಳಿ 15 ಮಾತ್ರ, ಅವುಗಳಲ್ಲೂ ಜನ ಸಾಲದು. ಅವನು ಮೊದಲು ದಡದ ಸೇನೆಯಿಂದಲೇ 1,200 ಜನರನ್ನು ಎರವಲು ಪಡೆದು ಫಿರಂಗಿಗಳ ಹಿಂದೆ ನಿಲ್ಲಿಸಿದ. ಮುತ್ತಿಗೆಗೆ ಒಳಗಾದ ಬುಸ್ಸಿ ಅಷ್ಟು ಜನರನ್ನು ಬಿಟ್ಟುಕೊಟ್ಟದ್ದೂ ದೊಡ್ಡ ಮಾತು. ಹ್ಯೂಸ್‌ನ ಹಡಗುಗಳಲ್ಲಿ ಸ್ಕರ್ವಿ ರೋಗ ಹಬ್ಬಿತ್ತು, ಕುಡಿಯುವ ನೀರು ಮುಗಿಯುತ್ತಿತ್ತು. ಜೂನ್ 20ರ ಸಂಜೆ ಮೂರು ಗಂಟೆ ಕಾಲ ಎದುರೆದುರು ನಿಂತು ಹೊಡೆದಾಡಿದರು. ಬ್ರಿಟಿಷರಲ್ಲಿ 99 ಸಾವು, ಫ್ರೆಂಚರಲ್ಲಿ 102. ಎರಡು ದಿನದ ಮೇಲೆ ಹ್ಯೂಸ್ ಮದ್ರಾಸಿಗೆ ಸರಿದ. ಕಡಲೂರಿನ ಕಡಲು ಸಫ್ರೆನ್‌ನದಾಯಿತು, ಮುತ್ತಿಗೆ ಹಾಕಿದ ಸ್ಟುವರ್ಟ್‌ನೇ ಸಿಕ್ಕಿಬೀಳುವ ಹಾಗಾಯಿತು. 1781ರ ಫೆಬ್ರವರಿಯಲ್ಲಿ ಹೈದರ್ ಬೇಡಿಕೊಂಡಿದ್ದ ಸ್ಥಿತಿ ಕೊನೆಗೂ ಅದೇ ಊರಿನ ಮುಂದೆ ಒದಗಿ ಬಂತು.

ಒಂಬತ್ತನೆಯ ದಿನ ಮದ್ರಾಸಿನಿಂದ ಬ್ರಿಟಿಷ್ ಹಡಗೊಂದು ಸಂಧಾನದ ಬಾವುಟ ಹಾರಿಸಿಕೊಂಡು ಬಂತು. ಯುರೋಪಿನಲ್ಲಿ ಎರಡೂ ದೊರೆಗಳು ಶಾಂತಿಯ ಪ್ರಾಥಮಿಕ ಕರಾರಿಗೆ ಜನವರಿ 20ರಂದೇ ಸಹಿ ಹಾಕಿದ್ದರು. ಕದನಕ್ಕೆ ಸರಿಯಾಗಿ ಐದು ತಿಂಗಳು ಮೊದಲು. ಆ 201 ಜನ ಮುಗಿದ ಯುದ್ಧದಲ್ಲಿ ಸತ್ತರು. ಟ್ರಿಂಕೋಮಲಿ ಮರಳಿ ಡಚ್ಚರಿಗೆ ಹೋಯಿತು. ಮಂಗಳೂರಿನಲ್ಲಿ ಕೋಟೆ ಮುತ್ತಿದ್ದ ಟಿಪ್ಪುವಿನ ಪಕ್ಕದಿಂದ ಫ್ರೆಂಚ್ ಸೈನಿಕರು ಹಿಂದೆ ಸರಿದರು. ಅವನು ಒಬ್ಬನೇ ಯುದ್ಧ ಮುಂದುವರಿಸಿ 1784ರ ಮಾರ್ಚ್ 11ರಂದು ಒಪ್ಪಂದ ಮಾಡಿಕೊಂಡ.

ಪ್ರಶ್ನೆ ಕೇಳಿದವರು (ಶ್ರೀರಂಗಪಟ್ಟಣ ತಾಲ್ಲೂಕಿನ ಶಿಕ್ಷಕಿ)

ಇವತ್ತು ತರಗತಿಯಲ್ಲಿ ಎಲ್ಲವನ್ನೂ ಹೇಳಿದೆ. ಭೂಪಟದ ಮೇಲೆ ದಾರ ಹಿಡಿದು, ಫ್ರಾನ್ಸ್‌ನಿಂದ ಆಫ್ರಿಕಾದ ತುದಿಯನ್ನು ಸುತ್ತಿ ಕಡಲೂರಿನವರೆಗೆ ಮಕ್ಕಳಿಂದಲೇ ಅಳೆಯಿಸಿದೆ. ದಾರ ಸಾಲದೆ ಎರಡು ಸಲ ಗಂಟು ಹಾಕಬೇಕಾಯಿತು. ಅದೇ ಹಿಂದಿನ ಬೆಂಚಿನ ಹುಡುಗ ಮತ್ತೆ ಎದ್ದು ನಿಂತ: "ಆ ಸುದ್ದಿ ತಂದ ಹಡಗಿನ ಹೆಸರೇನು ಮೇಡಂ?"

ಉತ್ತರ 6 (ಗಂಗೊಳ್ಳಿಯ ನಿವೃತ್ತ ನಾವಿಕ)

ಮೆಡಿಯಾ. ಫ್ರಿಗೇಟ್, ಅಂದರೆ ಸಾಲಿನಲ್ಲಿ ನಿಂತು ಕಾದುವ ಹಡಗಿಗಿಂತ ಚಿಕ್ಕದು, ವೇಗದ್ದು. ಕಡಲೂರಿಗೆ ಬಂದದ್ದು ಜೂನ್ 29ರಂದು. ಹುಡುಗನಿಗೆ ನನ್ನ ಆಶೀರ್ವಾದ ತಿಳಿಸಿ.